ತೋಟದ ಹೊಂಡದಲ್ಲಿ ಕಪ್ಪೆಗಳಿಗೂ ಜಾಗ: ಮಲೆನಾಡಿನ ಕೃಷಿಕರು ಮಾಡಬಹುದಾದದ್ದು

ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೇಸಿಗೆಯ ನೀರಿಗೆಂದು ತೋಡುವ ಹೊಂಡಗಳು ಆಳವಾಗಿಯೂ ಕಡಿದಾಗಿಯೂ ಇರುತ್ತವೆ. ಮುಂಗಾರಿನಲ್ಲಿ ಮೊಟ್ಟೆಯಿಡಲು ಬರುವ ಹೆಚ್ಚಿನ ಕಪ್ಪೆಗಳು ಬಳಸುವುದು ಅಂಚಿನ ಗೇಣುದ್ದ ನೀರನ್ನು ಮಾತ್ರ. ಆದ್ದರಿಂದ ಕೆಲಸ ಅಂಚಿನಿಂದಲೇ ಆರಂಭವಾಗಬೇಕು.

ಮಳೆಗೆ ಮೊದಲು, ಒಂದು ಬದಿಯನ್ನಾದರೂ ಒಂದಡಿ ಆಳಕ್ಕೆ ಮೂರು ನಾಲ್ಕು ಅಡಿ ಅಗಲ ಸಿಗುವಂತೆ ಇಳಿಜಾರಾಗಿ ಕೆತ್ತಿರಿ. ಅಲ್ಲಿ ನೀರು ಬೇಗ ಬೆಚ್ಚಗಾಗಿ, ಗೊದಮೊಟ್ಟೆಗಳು ತಿನ್ನುವ ಪಾಚಿ ಬೆಳೆಯುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಾದರೆ, ಬಿದ್ದ ಜೀವಿಗಳು ಹತ್ತಿ ಬರುವಂತೆ ನಾಲ್ಕೂ ಬದಿಗೆ ತೆಂಗಿನ ನಾರಿನ ಬಲೆಯನ್ನು ದಡದಿಂದ ತಳದವರೆಗೆ ಇಳಿಬಿಡಬೇಕು. ಹೂಳನ್ನು ಒಮ್ಮೆಲೇ ಎತ್ತದೆ, ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ ತೆಗೆಯುವುದು ಒಳ್ಳೆಯದು.

ಸೊಳ್ಳೆ ನಿಯಂತ್ರಣಕ್ಕೆಂದು ಬಿಡುವ ಗ್ಯಾಂಬೂಸಿಯಾ ಮೀನು ಕಪ್ಪೆಯ ಮೊಟ್ಟೆಗಳನ್ನೂ ಎಳೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ದೊಡ್ಡ ಹೊಂಡದಲ್ಲಿ ಮೀನು ಸಾಕಲೇಬೇಕೆಂದಿದ್ದರೆ, ಪಕ್ಕದಲ್ಲಿ ಮೊಣಕಾಲುದ್ದದ ಸಣ್ಣ ಗುಂಡಿಯೊಂದನ್ನು ಪ್ರತ್ಯೇಕವಾಗಿ ತೋಡಿ. ಬೇಸಿಗೆಯಲ್ಲಿ ಅದು ಒಣಗಿತೆಂದು ಕೊರಗಬೇಕಾಗಿಲ್ಲ. ಒಣಗುವುದರಿಂದಲೇ ಅಲ್ಲಿ ಮೀನು ನೆಲೆಸುವುದಿಲ್ಲ, ಮಳೆಗಾಲದ ಎರಡು ಮೂರು ತಿಂಗಳು ನೀರು ನಿಂತರೆ ಹಲವು ಜಾತಿಗಳ ಮರಿಗಳು ದಡ ಸೇರುತ್ತವೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಅಡಿಕೆ ಕಾಯಿಗಳು ಕೊಳೆತು ಉದುರುವ ಕೊಳೆರೋಗದ ಮದ್ದಿನ ವಿಷಯದಲ್ಲಿ. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಂಗಾರಿನ ಆರಂಭಕ್ಕೆ, ಎರಡನೆಯದು ಸುಮಾರು 40–45 ದಿನಗಳ ನಂತರ. ಗೊದಮೊಟ್ಟೆಗಳು ನೀರಿನಲ್ಲಿರುವುದೂ ಇದೇ ಅವಧಿಯಲ್ಲಿ. ಮೈಲುತುತ್ತದಲ್ಲಿರುವ ತಾಮ್ರವು ಅವುಗಳಿಗೆ ವಿಷ. ನೀರು ಹತ್ತಿರವಿದೆಯೆಂದು ದಡದಲ್ಲೇ ಮದ್ದು ಕಲಸುವುದನ್ನೂ, ಡ್ರಮ್ಮು ಪೈಪುಗಳನ್ನು ಅಲ್ಲೇ ತೊಳೆಯುವುದನ್ನೂ ದಯವಿಟ್ಟು ನಿಲ್ಲಿಸಿ. ಹೊಂಡದ ಅಂಚಿನ ಮರಗಳಿಗೆ ಮದ್ದು ಹೊಡೆಯುವ ಬದಲು, ಹಿರಿಯರು ಮಾಡುತ್ತಿದ್ದಂತೆ ಅಡಿಕೆ ಕೊನೆಗಳಿಗೆ (ಗೊಂಚಲುಗಳಿಗೆ) ಮಳೆನೀರು ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಬಹುದು. ನಾಲ್ಕಾರು ಮರಗಳಿಗಷ್ಟೇ ಆದ್ದರಿಂದ ಅದು ದೊಡ್ಡ ಹೊರೆಯಲ್ಲ.

ನೀರಿನ ಮೇಲೆ ಬಾಗಿದ ಕೊಂಬೆಗಳನ್ನು ಮಳೆಗಾಲದಲ್ಲಿ ಸವರಬೇಡಿ. ಮಲಬಾರ್ ಹಾರುಗಪ್ಪೆ ಅಂಥ ಎಲೆಗಳ ನಡುವೆ ನೊರೆಗೂಡು ಕಟ್ಟುತ್ತದೆ, ಮೊಟ್ಟೆಯೊಡೆದ ಮರಿಗಳು ನೇರವಾಗಿ ನೀರಿಗೆ ಬೀಳುತ್ತವೆ. ಬೇರೆಡೆಯ ಕಪ್ಪೆಗಳನ್ನಾಗಲಿ ಜಲಸಸ್ಯಗಳನ್ನಾಗಲಿ ತಂದು ಬಿಡಬಾರದು. ಅವುಗಳೊಂದಿಗೆ ರೋಗವೂ ಬರಬಹುದು.

ಜೂನ್‌ನ ರಾತ್ರಿಗಳಲ್ಲಿ ಹತ್ತು ನಿಮಿಷ ದಡದಲ್ಲಿ ನಿಂತು, ಕೇಳಿದ ಕೂಗುಗಳನ್ನು ತಾರೀಕಿನೊಂದಿಗೆ ಬರೆದಿಡಿ. ಕೂಗು ಕೇಳಿಯೂ ಆಗಸ್ಟ್‌ನಲ್ಲಿ ದಡದ ಹುಲ್ಲಿನಲ್ಲಿ ಮರಿಗಪ್ಪೆಗಳು ಕಾಣದಿದ್ದರೆ, ಮೊದಲು ನೀರಿನಲ್ಲಿ ಮೀನು ಸೇರಿದೆಯೇ ನೋಡಿ, ಅನಂತರ ಮದ್ದಿನ ನೀರು ಹರಿದು ಬರುವ ದಾರಿಯನ್ನು ಹುಡುಕಿ.