ಅರ್ಧ ಬಂಡೆ, ಅರ್ಧ ಪೈಲ್: ಇಳಿಜಾರಿನ ಕಟ್ಟಡಕ್ಕೆ ಭೂಕಂಪನದ ಮಣ್ಣಿನ ವರ್ಗ ಗುರುತಿಸುವುದು

ಸಕಲೇಶಪುರ, ಮೂಡಿಗೆರೆ ಕಡೆಯ ಇಳಿಜಾರಿನಲ್ಲಿ ಕಟ್ಟುವಾಗ ಧರೆ ಕಡಿದ ಬದಿಯಲ್ಲಿ ಬಂಡೆ ಸಿಕ್ಕರೆ ಅಲ್ಲಿ ಫುಟಿಂಗ್ (ಅಗಲ ತಳದ ಅಡಿಪಾಯ). ಕಡಿದ ಮಣ್ಣನ್ನೇ ತುಂಬಿದ ಕೆಳಬದಿಯಲ್ಲಿ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ). 'ಪೈಲ್ ಬಂಡೆ ಮುಟ್ಟಿದೆ, ಹಾಗಾಗಿ ಇಡೀ ಸೈಟು ಟೈಪ್ 1' (ಗಟ್ಟಿ ನೆಲದ ವರ್ಗ) ಎಂದು ಬರೆದುಬಿಡುವುದೇ ದೊಡ್ಡ ತಪ್ಪು. ವರ್ಗ ನೆಲದ್ದು, ಅಡಿಪಾಯದ್ದಲ್ಲ. ಪೈಲ್ ಭಾರವನ್ನು ಬಂಡೆಗೆ ದಾಟಿಸುತ್ತದೆ, ಮೇಲಿನ ಮೆತ್ತನೆ ಮಣ್ಣಿನಲ್ಲಿ ಕಂಪನ ಹಿಗ್ಗುವುದನ್ನು ತಡೆಯುವುದಿಲ್ಲ.

ಭಾರತದ ಭೂಕಂಪನ ವಿನ್ಯಾಸ ಸಂಹಿತೆ ಐಎಸ್ 1893 (ಭಾಗ 1): 2016ರ ಪ್ರಕಾರ ನೆಲಮಟ್ಟದಿಂದ 30 ಮೀಟರ್ ಆಳದವರೆಗಿನ ಪದರಗಳ ತಿದ್ದಿದ ಎನ್ ಮೌಲ್ಯಗಳ (ಮಣ್ಣಿನ ಗಟ್ಟಿತನ ತೋರುವ ಸುತ್ತಿಗೆ ಏಟಿನ ಎಣಿಕೆ) ತೂಕದ ಸರಾಸರಿ ತೆಗೆಯಬೇಕು. 30ಕ್ಕಿಂತ ಹೆಚ್ಚಿದ್ದರೆ ಟೈಪ್ 1, 10ರಿಂದ 30 ಟೈಪ್ 2 (ಮಧ್ಯಮ), 10ಕ್ಕಿಂತ ಕಡಿಮೆಯಾದರೆ ಟೈಪ್ 3 (ಮೆತ್ತನೆ).

ಮೇಲಿನ ಬದಿಗೊಂದು, ಕೆಳಬದಿಗೊಂದು ಬೋರ್ (ಪರೀಕ್ಷೆಗೆ ಕೊರೆಯುವ ರಂಧ್ರ) ಕನಿಷ್ಠ ಬೇಕು. 63.5 ಕೆಜಿ ಸುತ್ತಿಗೆ, 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಬೋರ್‌ನೊಳಗಿನ ಕೊಳವೆ ಮೊದಲ 15 ಸೆಂ.ಮೀ. ಇಳಿಯುವ ಏಟು ಬಿಟ್ಟು ಮುಂದಿನ 30 ಸೆಂ.ಮೀ.ನ ಏಟುಗಳನ್ನು ಎಣಿಸಿ; ಅದೇ ಎನ್. ಮಣ್ಣು ತುಂಬುವ ಮೊದಲೇ ಬೋರ್ ಹೊಡೆದಿದ್ದರೆ, ಆಮೇಲೆ ತುಂಬಿದ ಪದರವನ್ನೂ ಲೆಕ್ಕಕ್ಕೆ ಸೇರಿಸಿ. ನಮ್ಮ ಕಡೆಯ ಶಿಥಿಲ ಶಿಲೆಯ ಮಣ್ಣಿನಲ್ಲಿ ಗುಂಡುಕಲ್ಲುಗಳು ಹುದುಗಿರುತ್ತವೆ. ಸುತ್ತಿಗೆ ಅವುಗಳ ಮೇಲೆ ನಿಂತರೆ 'ಬಂಡೆ ಸಿಕ್ಕಿತು' ಎಂದು ವರದಿ ಬರುತ್ತದೆ. ಕನಿಷ್ಠ 3 ಮೀಟರ್ ಕೋರ್ (ಕೊರೆದು ತೆಗೆದ ಕಲ್ಲಿನ ಉರುಳೆ) ತೆಗೆಸಿ, ತುಂಡುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಕಣ್ಣಾರೆ ನೋಡಿ. ಕಲ್ಲಿನ ಕೆಳಗೆ ಮತ್ತೆ ಮಣ್ಣು ಬಂದರೆ ಅದು ಗುಂಡು.

ಸರಾಸರಿ ತೆಗೆಯುವಾಗ ಜಾಗ್ರತೆ. ಕೆಳಬದಿಯಲ್ಲಿ 6 ಮೀಟರ್ ತುಂಬು ಮಣ್ಣು (ಎನ್ 6), 8 ಮೀಟರ್ ಮರಳು ಮಿಶ್ರ ಜೇಡಿ (15), 16 ಮೀಟರ್ ಶಿಥಿಲ ಶಿಲೆ (50) ಎಂದುಕೊಳ್ಳಿ. ದಪ್ಪವನ್ನು ಎನ್‌ನಿಂದ ಗುಣಿಸಿ 30ರಿಂದ ಭಾಗಿಸಿದರೆ 31.9, ಅಂದರೆ ಟೈಪ್ 1! ದಪ್ಪವನ್ನು ಎನ್‌ನಿಂದ ಭಾಗಿಸಿ ಕೂಡಿಸಿ, 30ನ್ನು ಆ ಮೊತ್ತದಿಂದ ಭಾಗಿಸಿದರೆ 16.2, ಟೈಪ್ 2. ಮೆತ್ತನೆ ಪದರವನ್ನು ಗಟ್ಟಿ ಪದರ ಮುಚ್ಚಿಹಾಕದಂತೆ ಎರಡನೆಯ ಕ್ರಮವನ್ನೇ ಹಿಡಿಯಿರಿ.

ಎರಡು ಬೋರ್‌ಗಳು ಬೇರೆ ವರ್ಗ ತೋರಿದರೆ ಒಂದೇ ಕಟ್ಟಡಕ್ಕೆ ಮೆತ್ತನೆಯ ವರ್ಗವೇ ಸುರಕ್ಷಿತ. ಆವರ್ತನ ಕಾಲ (ಒಮ್ಮೆ ಅತ್ತಿತ್ತ ತೂಗಲು ಹಿಡಿಯುವ ಸಮಯ) 0.6 ಸೆಕೆಂಡ್ ಇರುವ ಕಟ್ಟಡಕ್ಕೆ ಟೈಪ್ 1ರಲ್ಲಿ ಭೂಕಂಪನ ಬಲದ ಗುಣಾಂಕ 1.67, ಟೈಪ್ 2ರಲ್ಲಿ 2.27, ಬಲ 36% ಏರುತ್ತದೆ. ಆದರೆ 0.40 ಸೆಕೆಂಡ್‌ಗಿಂತ ಕಡಿಮೆಯ ಎರಡು-ಮೂರು ಅಂತಸ್ತಿನ ಮನೆಗೆ ಎರಡರಲ್ಲೂ 2.5. ಅಲ್ಲಿ ವರ್ಗಕ್ಕಿಂತ ತಿರುಚುವಿಕೆಯ ಚಿಂತೆಯೇ ಹೆಚ್ಚು: ಬಂಡೆ ಬದಿಯ ಗಿಡ್ಡ ಕಂಬಗಳು ಬಿಗಿಯಾಗಿದ್ದು ಹೆಚ್ಚು ಬಲ ಎಳೆದುಕೊಂಡು ಮೊದಲು ಸೀಳುತ್ತವೆ. ಲೆಕ್ಕದ ಕಂಪ್ಯೂಟರ್ ಮಾದರಿಯಲ್ಲಿ ಎರಡೂ ಬದಿಗೆ ಬೇರೆ ಬೇರೆ ಸ್ಪ್ರಿಂಗ್ (ಅಡಿಪಾಯದ ಬಿಗಿತ ಸೂಚಿಸುವುದು) ಕೊಡಿ, ಫುಟಿಂಗ್ ಮತ್ತು ಪೈಲ್ ಕ್ಯಾಪ್‌ಗಳನ್ನು (ಪೈಲ್‌ಗಳ ತಲೆ ಜೋಡಿಸುವ ಕಾಂಕ್ರೀಟ್) ಟೈ ಬೀಮ್‌ನಿಂದ ಕಟ್ಟಿ. ಉದ್ದನೆಯ ಕಟ್ಟಡವಾದರೆ ಅಡಿಪಾಯ ಬದಲಾಗುವ ಗೆರೆಯಲ್ಲೇ ಜಾಯಿಂಟ್ (ಕಟ್ಟಡವನ್ನು ಬೇರ್ಪಡಿಸುವ ಸಂದು) ಬಿಟ್ಟು, ಪ್ರತಿ ಭಾಗಕ್ಕೂ ಅದರದೇ ವರ್ಗ ಹಾಕಿ.