ಮಾದರಿಯಿಲ್ಲದ ಕ್ರಾಫ್ಟ್ ಅವಧಿ: ನನ್ನ ಅನುಭವ

ಎಲ್‌ಕೆಜಿ ಮಕ್ಕಳಿಗೆ ಮಾದರಿ ತೋರಿಸದೆ ಕೈಕೆಲಸ ಮಾಡಿಸುತ್ತೇನೆ ಎಂದಾಗ ರಾಮನಗರದ ನಮ್ಮ ಶಾಲೆಯಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ನಲವತ್ತು ಮೊಲಗಳೂ ಒಂದೇ ಅಚ್ಚಿನಲ್ಲಿ ಎರೆದಂತಿರಬೇಕು ಎಂಬುದು ಆಡಳಿತದವರ ಅಪೇಕ್ಷೆಯಾಗಿತ್ತು. ಆ ಮೊಲಗಳ ಕಿವಿ ಕತ್ತರಿಸುವವರು ನಾವು, ಅಂಟಿಸುವವರು ಆಯಾ, ಮಗುವಿನ ಪಾಲಿಗೆ ಉಳಿಯುವುದು ಹತ್ತಿಯ ಬಾಲ ಮಾತ್ರ ಎಂಬುದು ಈ ವೃತ್ತಿಯಲ್ಲಿರುವವರಿಗೆಲ್ಲ ತಿಳಿದದ್ದೇ.

ಇದಕ್ಕೆ ತದ್ವಿರುದ್ಧವಾದ ದಾರಿಯೂ ಫಲಿಸಲಿಲ್ಲ. ಬಣ್ಣ, ಗೋಂದು, ಕಾಗದಗಳನ್ನು ಮುಂದಿಟ್ಟು ಇಷ್ಟ ಬಂದದ್ದನ್ನು ಮಾಡಿ ಎಂದರೆ, ಕೈ ಪಳಗಿದ ನಾಲ್ಕಾರು ಮಕ್ಕಳು ಏನನ್ನಾದರೂ ಮಾಡುತ್ತಿದ್ದರು. ಉಳಿದವರು ಎಲ್ಲ ಬಣ್ಣಗಳನ್ನೂ ಕಲಸಿ ಕೆಸರು ಮಾಡಿ ‘ಮಿಸ್, ಆಯ್ತು’ ಎನ್ನುತ್ತಿದ್ದರು. ಒಂದೇ ತಿಂಗಳಿನಲ್ಲಿ ಸುಮಾರು ಸಾವಿರದ ಇನ್ನೂರು ರೂಪಾಯಿಯ ಪೋಸ್ಟರ್ ಬಣ್ಣ ಮುಗಿಯಿತು, ಸಮವಸ್ತ್ರದ ಕಲೆಯ ಬಗ್ಗೆ ತಾಯಂದಿರ ದೂರು ಬೇರೆ.

ಕೊನೆಗೆ ಕೈಗೂಡಿದ ಕ್ರಮವೆಂದರೆ, ಕೈಯ ಕೌಶಲವನ್ನು ಕಟ್ಟುನಿಟ್ಟಾಗಿ ಕಲಿಸಿ, ಅದರಿಂದ ಏನಾಗಬೇಕು ಎಂಬುದನ್ನು ಮಕ್ಕಳಿಗೇ ಬಿಡುವುದು. ವಾರಕ್ಕೆ ಒಂದೇ ಕೌಶಲ. ಕಾಗದ ಹರಿಯುವುದನ್ನು ಕಲಿಸುವ ವಾರದಲ್ಲಿ, ವೃತ್ತಪತ್ರಿಕೆ ಉದ್ದಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟಗೆ ಹೋಗುತ್ತದೆ ಎಂಬುದನ್ನು ಹತ್ತು ನಿಮಿಷ ಎಲ್ಲರಿಂದಲೂ ಮಾಡಿಸಿ, ನಂತರದ ಅರ್ಧ ಗಂಟೆ ನಾನು ಬಾಯಿ ತೆರೆಯುವುದಿಲ್ಲ. ‘ಫೈಲ್‌ನಲ್ಲಿ ಪೇರೆಂಟ್ಸ್‌ಗೆ ಏನ್ ತೋರಿಸ್ತೀರಾ ಮಿಸ್?’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದರು. ಮಗು ತನ್ನ ಕೆಲಸದ ಬಗ್ಗೆ ಹೇಳಿದ ಮಾತನ್ನು ಹಾಳೆಯ ಹಿಂದೆ ಬರೆದಿಡತೊಡಗಿದೆ. ಪಟ್ಟಿಗಳನ್ನು ಸುರುಳಿಯಾಗಿ ಅಂಟಿಸಿದ ಹುಡುಗನೊಬ್ಬ ಅದು ಅಜ್ಜಿ ಮನೆಯ ಚಂದ್ರಿಕೆ (ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ), ಹುಳು ಇನ್ನೂ ಬಿಟ್ಟಿಲ್ಲ ಎಂದಿದ್ದ. ರೇಷ್ಮೆ ಸಾಕುವ ಅವನ ತಂದೆ ಅದನ್ನು ಓದಿ ಹಾಳೆಯನ್ನೇ ಮನೆಗೆ ಕೇಳಿ ಪಡೆದರು. ಅಲ್ಲಿಂದ ಮೊಲದ ಮಾತು ಎತ್ತಿದವರಿಲ್ಲ.

ಖರ್ಚೂ ಇಳಿಯಿತು. ಮಗುವಿಗೆ ಸುಮಾರು ಐನೂರೈವತ್ತರಂತೆ ತರಿಸುತ್ತಿದ್ದ ಸಿದ್ಧ ಕಿಟ್‌ಗಳಿಗೆ ವರ್ಷಕ್ಕೆ ಇಪ್ಪತ್ತೆರಡು ಸಾವಿರವಾಗುತ್ತಿತ್ತು. ಈಗ ಆರೇಳು ಸಾವಿರದಲ್ಲಿ ಮುಗಿಯುತ್ತದೆ. ಚಿಟ್ಟೆ ಹೊರಬಂದ ರೇಷ್ಮೆಯ ತೂತುಗೂಡುಗಳು ಪರಿಚಯದವರ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಿಂದ ಚೀಲಗಟ್ಟಲೆ ಸಿಗುತ್ತವೆ, ಆದರೆ ಎರಡು ದಿನ ಬಿಸಿಲಿಗೆ ಹಾಕದಿದ್ದರೆ ವಾಸನೆಗೆ ತರಗತಿಯಲ್ಲಿ ಕೂರಲಾಗದು, ಮಕ್ಕಳ ಕತ್ತರಿಗೂ ಅವು ಬಗ್ಗುವುದಿಲ್ಲ. ಚನ್ನಪಟ್ಟಣದಿಂದ ತಂದ, ಅಲ್ಲಿ ಗೊಂಬೆ ಮಾಡಲು ಬಳಸುವ ಆಲೆ ಮರದ ತುಂಡುಗಳಲ್ಲಿ ಸಣ್ಣವನ್ನೆಲ್ಲ ತೆಗೆದುಹಾಕಿದೆ, ಏಕೆಂದರೆ ಇಷ್ಟು ಚಿಕ್ಕವರ ಕೈಗೆ ಸಿಕ್ಕಿದ್ದು ಮೊದಲು ಬಾಯಿಗೇ ಹೋಗುತ್ತದೆ.

ಬಣ್ಣಕ್ಕೆಂದು ಬೀಟ್‌ರೂಟ್ ರಸ ಬಳಸಿ ನೋಡಿದೆ. ಕೆಲವೇ ದಿನಗಳಲ್ಲಿ ಕಂದಿತು. ಅರಿಶಿನದ ನೀರು ಬಳಿದ ಹಾಳೆಯ ಮೇಲೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿದ ಬೆರಳಾಡಿಸಿದರೆ ಕೆಂಪು ಗೆರೆ ಮೂಡುತ್ತದೆ, ಮಕ್ಕಳು ಇದನ್ನು ಇಂದಿಗೂ ಬೇಡುತ್ತಾರೆ. ಸುಣ್ಣದಿಂದಲೂ ಕೆಂಪಾಗುತ್ತದೆ, ಆದರೆ ಎಳೆಯ ಚರ್ಮಕ್ಕೆ ಅದು ಬೇಡ.

ಅರ್ಧ ಗಂಟೆ ಮುಗಿದಾಗ ಅಳುವಿಲ್ಲದೆ ಕತ್ತರಿಗಳನ್ನು ಡಬ್ಬಿಗೆ ಹಾಕಿಸುವ ಉಪಾಯವೊಂದು ನನ್ನಲ್ಲಿದೆ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ. ಪಕ್ಕದ ತರಗತಿಯವರಿಗೂ ಇನ್ನೂ ಹೇಳಿಲ್ಲ.