ಆಟಿಕೆಯಲ್ಲ, ಇದೂ ರೈಲೇ: ಮಾಡೆಲ್ ರೈಲಿಗೆ ಯಾವ ಎಣ್ಣೆ, ಎಲ್ಲಿ, ಎಷ್ಟು

ದಾವಣಗೆರೆಯಲ್ಲಿ ಮಾಡೆಲ್ ರೈಲು ಓಡಿಸೋರಿಗೆ ಮೊದಲ ವೈರಿ ಧೂಳು. ಎಣ್ಣೆ ಜಾಸ್ತಿ ಆದಷ್ಟೂ ಧೂಳು ಜಾಸ್ತಿ ಅಂಟುತ್ತದೆ. ಇದು ನನಗೆ ಗೊತ್ತಾಗಿದ್ದು ಒಂದು ಇಂಜಿನ್ ಹಾಳು ಮಾಡಿಕೊಂಡ ಮೇಲೆ. ಅದು ಕಿರ್ ಅಂತ ಸದ್ದು ಮಾಡಿತು ಅಂತ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೇ ಧಾರಾಳವಾಗಿ ಬಿಟ್ಟಿದ್ದೆ. ಎರಡು ದಿನ ಚೆನ್ನಾಗಿ ಓಡಿತು. ಡಿಸೆಂಬರ್‌ ಚಳಿಯಲ್ಲಿ ಬಾಟಲಿಯ ಎಣ್ಣೆ ಗಟ್ಟಿಯಾಗೋದು ನೋಡಿದ್ದೀರಲ್ಲ, ಇಂಜಿನ್ ಒಳಗೂ ಹಾಗೇ ಆಯಿತು. ಬಿಚ್ಚಿದರೆ ಗೇರಿನ ಹಲ್ಲುಗಳ ಸಂದಿಯಲ್ಲಿ ಧೂಳು, ಹತ್ತಿಯ ಎಳೆ, ತಲೆಗೂದಲು ಎಲ್ಲಾ ಸೇರಿ ಕಪ್ಪು ಮೆತ್ತೆ ಕಟ್ಟಿತ್ತು.

ಅಡುಗೆ ಎಣ್ಣೆ ಯಾವುದೂ ಬೇಡ. ತುಕ್ಕು ಬಿಡಿಸೋ ಸ್ಪ್ರೇ ಕೂಡ ಬೇಡ, ಅದು ಬೇಡದ ಕಡೆಯೆಲ್ಲಾ ಹರಡುತ್ತದೆ, ಬೇಗ ಆರಿಯೂ ಹೋಗುತ್ತದೆ. ಹೊಲಿಗೆ ಮಷಿನ್ ಎಣ್ಣೆ ಲೋಹಕ್ಕೆ ಒಳ್ಳೆಯದೇ, ಆದರೆ ನಮ್ಮ ಇಂಜಿನ್‌ಗಳಲ್ಲಿ ಗೇರು, ಚಕ್ರ ಹಿಡಿಯುವ ಫ್ರೇಮು ಹೆಚ್ಚಾಗಿ ಪ್ಲಾಸ್ಟಿಕ್ಕಿನವು, ಕೆಲವು ಪ್ಲಾಸ್ಟಿಕ್‌ಗಳು ಪೆಟ್ರೋಲಿಯಂ ಎಣ್ಣೆಗೆ ಬಿರುಕು ಬಿಡುತ್ತವೆ. ಹಾಗಾಗಿ ಕೊಳ್ಳುವಾಗ ನೋಡಬೇಕಾದ್ದು ಒಂದೇ: ಪ್ಲಾಸ್ಟಿಕ್‌ಗೆ ತೊಂದರೆಯಿಲ್ಲ ಅಂತ ಡಬ್ಬಿಯ ಮೇಲೆ ಬರೆದಿರಬೇಕು. ಲಾಬೆಲ್ 108 ತೆಳು ಎಣ್ಣೆ, ಅದೇ ಕಂಪನಿಯ 106 ಬಿಳಿ ಗ್ರೀಸ್, ಇವೆರಡೂ ಈ ಕೆಲಸಕ್ಕೆಂದೇ ಮಾಡಿದವು. ಬೇರೆ ಸಿಕ್ಕರೂ ಸರಿ, ಆದರೆ ತೆಳು ಎಣ್ಣೆ ಒಂದು, ಗ್ರೀಸ್ ಒಂದು ಇರಲೇಬೇಕು.

ತೆಳು ಎಣ್ಣೆ ಮೋಟಾರಿಗೆ. ಮೋಟಾರಿನ ಎರಡೂ ತುದಿಯಲ್ಲಿ ಶಾಫ್ಟ್ ತಿರುಗುವ ಬೇರಿಂಗ್ ಇರುತ್ತದೆ, ಅಲ್ಲಿಗೆ ಮಾತ್ರ. ಬಾಟಲಿಯಿಂದ ನೇರವಾಗಿ ಹಾಕಬೇಡಿ. ಗುಂಡುಸೂಜಿಯ ತುದಿ ಎಣ್ಣೆಯಲ್ಲಿ ಅದ್ದಿ, ಅದರಲ್ಲಿ ನಿಂತ ಹನಿಯನ್ನು ಬೇರಿಂಗಿಗೆ ತಾಗಿಸಿ. ಹನಿಯನ್ನು ಬೇರಿಂಗ್ ತಾನೇ ಒಳಗೆ ಎಳೆದುಕೊಳ್ಳುತ್ತದೆ, ಸೂಜಿ ಖಾಲಿ ಆಗಿದ್ದು ಕಣ್ಣಿಗೇ ಕಾಣುತ್ತದೆ. ಅಷ್ಟು ಸಾಕು. ಮೋಟಾರಿಗೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಉಜ್ಜುವ ತಾಮ್ರದ ಭಾಗ, ಅಂದರೆ ಕಮ್ಯುಟೇಟರ್ ಮೇಲೆ ಎಣ್ಣೆ ಹೋದರೆ ಕಾರ್ಬನ್ ಪುಡಿ ಸೇರಿ ಕೆಸರಾಗುತ್ತದೆ, ಕಿಡಿ ಹಾರುತ್ತದೆ, ಮೋಟಾರ್ ಬಿಸಿಯಾಗುತ್ತದೆ.

ಗ್ರೀಸ್ ಗೇರಿಗೆ. ಮೋಟಾರಿನ ಶಾಫ್ಟಿನಲ್ಲಿ ಸ್ಕ್ರೂ ತರಹ ಕಾಣುವ ವರ್ಮ್ ಗೇರ್ ಇದೆಯಲ್ಲ, ತೆಳು ಎಣ್ಣೆ ಹಾಕಿದರೆ ಅದು ತಿರುಗುವಾಗ ಸುತ್ತಲೂ ಎರಚಿಬಿಡುತ್ತದೆ, ಗ್ರೀಸ್ ಹಿಡಿದು ನಿಲ್ಲುತ್ತದೆ. ಸಾಸಿವೆ ಕಾಳಿನಷ್ಟು ಹಚ್ಚಿ, ಹಿಂದಕ್ಕೂ ಮುಂದಕ್ಕೂ ಐದೈದು ನಿಮಿಷ ನಿಧಾನಕ್ಕೆ ಓಡಿಸಿ, ಹಲ್ಲುಗಳೇ ಅದನ್ನು ಹರಡಿಕೊಳ್ಳುತ್ತವೆ. ಹಳೆ ಇಂಜಿನ್ ಕೊಂಡಿದ್ದರೆ ಮೊದಲು ಒಳಗಿನ ಒಣಗಿದ ಗ್ರೀಸ್ ತೆಗೆಯಿರಿ, ಅದರ ಮೇಲೆ ಹೊಸದು ಹಚ್ಚಿದರೆ ಏನೂ ಉಪಯೋಗವಿಲ್ಲ. ಹಲ್ಲುಕಡ್ಡಿ, ಹಳೆ ಬ್ರಷ್ಷು, ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕಾಗುತ್ತದೆ. ಬಣ್ಣ ಹಚ್ಚಿದ ಮೇಲ್ಮೈಗೆ ಮಾತ್ರ ಅದನ್ನು ತಾಗಿಸಬೇಡಿ.

ಸ್ಟೀಮ್ ಇಂಜಿನ್ ಮಾಡೆಲ್ ಆದರೆ ಚಕ್ರಗಳನ್ನು ಜೋಡಿಸುವ ರಾಡ್‌ಗಳ ಪಿನ್ನಿಗೂ ಒಂದೊಂದು ಸೂಜಿಹನಿ. ಚಕ್ರಕ್ಕೆ ರಬ್ಬರ್ ಬಳೆ ಇದ್ದರೆ ಅದಕ್ಕೆ ತಾಗದಂತೆ ನೋಡಿಕೊಳ್ಳಿ, ಎಣ್ಣೆ ಕುಡಿದರೆ ಅದು ಸಡಿಲವಾಗಿ ಜಾರುತ್ತದೆ.

ಬೋಗಿ, ವ್ಯಾಗನ್‌ಗಳ ವಿಷಯದಲ್ಲಿ ಬಹಳ ಜನ ತಪ್ಪುವುದು ಇಲ್ಲೇ. ಪ್ಲಾಸ್ಟಿಕ್ ಫ್ರೇಮಿನಲ್ಲಿ ಚೂಪಾದ ಆಕ್ಸಲ್ (ಚಕ್ರದ ಅಚ್ಚು) ತುದಿ ಕೂತು ತಿರುಗುವ ಮಾದರಿಗೆ ಎಣ್ಣೆಯೇ ಬೇಡ. ಸ್ವಚ್ಛವಾಗಿದ್ದರೆ ಹಾಗೇ ಉರುಳುತ್ತದೆ. ಬಿಗಿ ಅನಿಸಿದರೆ ಮೊದಲು ಆಕ್ಸಲ್‌ಗೆ ಸುತ್ತಿಕೊಂಡ ಕೂದಲು, ದಾರ ಬಿಡಿಸಿ, ಆಮೇಲೂ ಬಿಗಿಯಿದ್ದರೆ ಒಣ ಗ್ರಾಫೈಟ್ ಪುಡಿ ಚೂರೇ ಚೂರು. ಗ್ರಾಫೈಟ್ ಕರೆಂಟ್ ಹರಿಸುತ್ತದೆ, ಆದ್ದರಿಂದ ಇಂಜಿನ್ನಿನೊಳಗೆ ಹಾಕಬೇಡಿ. ಲೋಹದ ಫ್ರೇಮಿನಲ್ಲಿ ಲೋಹದ ಆಕ್ಸಲ್ ತಿರುಗುವುದಾದರೆ ಮಾತ್ರ ತೆಳು ಎಣ್ಣೆ. ಒಂದು ಹಲಗೆಯನ್ನು ಸ್ವಲ್ಪ ಓರೆ ಇಟ್ಟು, ಅದರ ಮೇಲೆ ಹಳಿ ಹಾಕಿ ವ್ಯಾಗನ್‌ಗಳನ್ನು ಒಂದೊಂದಾಗಿ ಬಿಡಿ, ಯಾವುದು ತಡೆಯುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ.

ಓಡಿಸುವ ಮುಂಚೆ ಹೆಚ್ಚಾದ ಎಣ್ಣೆಯನ್ನು ಹತ್ತಿಬತ್ತಿಯಿಂದ ಒರೆಸಿ. ಹಳಿಗೆ ಎಣ್ಣೆ ಬಿದ್ದರೆ ಚಕ್ರ ಅದನ್ನು ಇಡೀ ಸುತ್ತಿಗೂ ಹರಡುತ್ತದೆ. ಇಂಜಿನ್ ಜಾರುತ್ತದೆ, ಹಳಿಯಿಂದ ಬರುವ ಕರೆಂಟ್ ಸರಿಯಾಗಿ ಸಿಗದೆ ತಡವರಿಸುತ್ತದೆ. ಆಗ ಹಳಿ, ಚಕ್ರ ಎರಡನ್ನೂ ಆಲ್ಕೋಹಾಲ್ ಬಟ್ಟೆಯಿಂದ ಒರೆಸಲೇಬೇಕು.

ಇಷ್ಟು ದಿನಕ್ಕೊಮ್ಮೆ ಅಂತ ನಾನು ಲೆಕ್ಕ ಇಟ್ಟಿಲ್ಲ, ಸದ್ದು ಕೇಳುತ್ತೇನೆ. ಕಿರ್ ಅಂದರೆ ಬೇರಿಂಗ್ ಒಣಗಿದೆ, ಕರಕರ ಅಂದರೆ ಗೇರ್ ನೋಡಬೇಕು. ಓಡಿಸದ ದಿನಗಳಲ್ಲಿ ಮೇಲೆ ಹಳೆ ಪಂಚೆಯೊಂದನ್ನು ಹೊದಿಸಿಡುತ್ತೇನೆ.